ಸ್ಟೀವ್ ಸ್ಪರಿಯರ್, ಆಟಗಾರ ಕೋಚ್ ಆದ ಕಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗನೋ ಮಗಳೋ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯಕ್ಕೆ ಓದಲು ಹೋದ ಮೇಲೆ ಅನೇಕ ಕನ್ನಡಿಗರಿಗೆ ಈ ಹೆಸರು ಕಿವಿಗೆ ಬೀಳುತ್ತದೆ. ಶನಿವಾರ ಫೋನ್ ಮಾಡಿದರೆ ಹಿಂದೆ ಬರೀ ಗದ್ದಲ. "ಇವತ್ತು ಮ್ಯಾಚ್ ಇದೆ, ಆಮೇಲೆ ಮಾಡ್ತೀನಿ" ಎಂಬ ಉತ್ತರ. ಆಮೇಲೆ ಅಪ್ಪ ಅಮ್ಮ ನನ್ನನ್ನು ಕೇಳುತ್ತಾರೆ. ಆಟ ಗೊತ್ತಿರುವ ಹುಡುಗರೂ ಕೇಳುತ್ತಾರೆ, ಅವರ ಪ್ರಶ್ನೆಗಳು ಇನ್ನೂ ಆಳದವು. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಆಟವೇ ಹೊಸದು ಅನ್ನುವವರು ಮೊದಲಿನಿಂದ ಓದಿ. ಗೊತ್ತಿರುವವರು ನೇರವಾಗಿ ಫ್ಲೋರಿಡಾ ಭಾಗಕ್ಕೆ ಹೋಗಬಹುದು.

## ಶುರುವಿನ ಪ್ರಶ್ನೆಗಳು

ಈ ಸ್ಟೀವ್ ಸ್ಪರಿಯರ್ ಅಂದ್ರೆ ಯಾರು? ಕ್ರೀಡಾಂಗಣದ ಹೊರಗೆ ಅವರ ಪ್ರತಿಮೆ ಯಾಕಿದೆ?

ಫ್ಲೋರಿಡಾ ವಿಶ್ವವಿದ್ಯಾಲಯದ ತಂಡಕ್ಕೆ 1964ರಿಂದ 1966ರವರೆಗೆ ಆಡಿದವರು. 1966ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದರು. ಆಮೇಲೆ ಅದೇ ತಂಡಕ್ಕೆ ಕೋಚ್ ಆಗಿ ಬಂದು 1990ರಿಂದ 2001ರವರೆಗೆ ಹನ್ನೆರಡು ಸೀಸನ್ ನಡೆಸಿದರು. 122 ಗೆಲುವು, 27 ಸೋಲು, ಒಂದು ಡ್ರಾ. ವಿಶ್ವವಿದ್ಯಾಲಯಕ್ಕೆ ಮೊದಲ ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದುಕೊಟ್ಟವರು ಅವರೇ. ಹೊರಗಿರುವ ಪ್ರತಿಮೆ ಆಟಗಾರ ಸ್ಪರಿಯರ್ ಅವರದು. ಪಕ್ಕದಲ್ಲಿ ಫ್ಲೋರಿಡಾದಿಂದ ಹೈಸ್ಮನ್ ಗೆದ್ದ ಇನ್ನಿಬ್ಬರು ನಿಂತಿದ್ದಾರೆ: ಡ್ಯಾನಿ ವರ್ಫಲ್ ಮತ್ತು ಟಿಮ್ ಟೀಬೋ. ಈ ಇಬ್ಬರಲ್ಲಿ ವರ್ಫಲ್ ಸ್ಪರಿಯರ್ ಅವರ ಶಿಷ್ಯ.

ಇದು ನಮ್ಮ ಫುಟ್‌ಬಾಲ್ ಅಲ್ವಾ?

ಅಲ್ಲ. ಇದು ಅಮೆರಿಕನ್ ಫುಟ್‌ಬಾಲ್. ಚೆಂಡು ಮೊಟ್ಟೆಯಾಕಾರದ್ದು, ಜಾಸ್ತಿ ಹೊತ್ತು ಕೈಯಲ್ಲೇ ಇರುತ್ತದೆ. ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಹಿಡಿದ ತಂಡ ಹತ್ತು ಗಜ ಮುಂದೆ ಹೋಗಬೇಕು, ಅದಕ್ಕೆ ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತವೆ. ಮೈದಾನದ ಕೊನೆ ಮುಟ್ಟಿದರೆ ಟಚ್‌ಡೌನ್, ಆರು ಅಂಕ. ಕಂಬಗಳ ನಡುವೆ ಚೆಂಡನ್ನು ಒದ್ದರೆ ಫೀಲ್ಡ್ ಗೋಲ್, ಮೂರು ಅಂಕ.

ಒಂದು ಪದ ನೆನಪಿಟ್ಟುಕೊಳ್ಳಿ: ಕ್ವಾರ್ಟರ್‌ಬ್ಯಾಕ್. ಪ್ರತಿ ಸಲ ಚೆಂಡು ಮೊದಲು ಬರುವುದು ಅವನ ಕೈಗೆ. ಓಡುವವನಿಗೆ ಕೊಡಬೇಕೋ, ದೂರಕ್ಕೆ ಎಸೆಯಬೇಕೋ, ಎರಡು ಮೂರು ಸೆಕೆಂಡಿನಲ್ಲಿ ಅವನು ತೀರ್ಮಾನಿಸಬೇಕು. ಸ್ಪರಿಯರ್ ಆಡಿದ್ದು ಇದೇ ಜಾಗದಲ್ಲಿ. ಅವರ ಮುಂದಿನ ಬದುಕೆಲ್ಲ ಬೆಳೆದದ್ದು ಆ ಎರಡು ಮೂರು ಸೆಕೆಂಡಿನ ಯೋಚನೆಯಿಂದಲೇ.

ಕಾಲೇಜು ಹುಡುಗರ ಆಟಕ್ಕೆ ಅಷ್ಟೊಂದು ಜನ ಬರ್ತಾರಾ?

ಬರುತ್ತಾರೆ. ವಿಶ್ವವಿದ್ಯಾಲಯ ಇರುವ ಗೇನ್ಸ್‌ವಿಲ್ ಊರಿನ ಕ್ರೀಡಾಂಗಣದಲ್ಲಿ 88 ಸಾವಿರಕ್ಕೂ ಜಾಸ್ತಿ ಜನ ಕೂರಬಹುದು. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣ ಎರಡು ಸಲ ತುಂಬಿದರೂ ಅಷ್ಟು ಜನ ಆಗುವುದಿಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಹಳ ಕಾಲ ವೃತ್ತಿಪರ ತಂಡಗಳೇ ಇರಲಿಲ್ಲ. ಊರಿನವರಿಗೆ ತಮ್ಮದು ಅಂತ ಹೇಳಿಕೊಳ್ಳಲು ಇದ್ದದ್ದು ರಾಜ್ಯದ ವಿಶ್ವವಿದ್ಯಾಲಯದ ತಂಡ. ಓದಿದವರು, ಓದದವರು, ಎಲ್ಲರೂ ಅದರ ಬೆನ್ನಿಗೆ ನಿಂತರು. ಆ ಅಭಿಮಾನ ಅಪ್ಪನಿಂದ ಮಗನಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತದೆ.

ಅವರ ಅಪ್ಪ ಪಾದ್ರಿ ಅಂತೆ. ಹಾಗಿದ್ರೆ ಗೆಲ್ಲಲೇಬೇಕು ಅನ್ನೋ ಹಟ ಎಲ್ಲಿಂದ ಬಂತು?

ಅಪ್ಪನಿಂದಲೇ! ಸ್ಪರಿಯರ್ ಹುಟ್ಟಿದ್ದು 1945ರ ಏಪ್ರಿಲ್ 20ರಂದು, ಮಯಾಮಿ ಬೀಚ್‌ನಲ್ಲಿ. ಬೆಳೆದದ್ದು ಟೆನೆಸ್ಸೀ ರಾಜ್ಯದ ಜಾನ್ಸನ್ ಸಿಟಿಯಲ್ಲಿ. ಅಪ್ಪ ಪ್ರೆಸ್ಬಿಟೇರಿಯನ್ ಚರ್ಚಿನ ಪಾದ್ರಿ, ಜೊತೆಗೆ ಮಕ್ಕಳ ತಂಡಗಳಿಗೆ ಕೋಚ್. ಒಂದು ಪ್ರಸಂಗವನ್ನು ಸ್ಪರಿಯರ್ ಅನೇಕ ಸಲ ಹೇಳಿದ್ದಾರೆ. ಗೆಲುವು ಸೋಲು ಮುಖ್ಯವಲ್ಲ, ಆಡುವುದೇ ಮುಖ್ಯ ಅಂತ ಯಾರಿಗೆ ಅನ್ನಿಸುತ್ತದೆ ಎಂದು ಅಪ್ಪ ಹುಡುಗರನ್ನು ಕೇಳಿದರಂತೆ. ಕೆಲವರು ಕೈ ಎತ್ತಿದರು. ಹಾಗಿದ್ದರೆ ಸ್ಕೋರ್ ಯಾಕೆ ಬರೆದಿಡುತ್ತಾರೆ ಎಂದು ಅಪ್ಪ ತಿರುಗಿ ಕೇಳಿದರು.

ಹೈಸ್ಕೂಲಿನಲ್ಲಿ ಸ್ಪರಿಯರ್ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್ ಮೂರನ್ನೂ ಆಡಿದರು. ಬೇಸ್‌ಬಾಲಿನಲ್ಲಿ ಚೆಂಡೆಸೆಯುವ ಕೆಲಸ ಅವರದು. ಮೂರು ವರ್ಷದಲ್ಲಿ 25 ಪಂದ್ಯ ಅವರ ಹೆಸರಿಗೆ ಬಂದವು, ಇಪ್ಪತ್ತೈದನ್ನೂ ಗೆದ್ದರು.

## ಆಟಗಾರನಾಗಿದ್ದ ದಿನಗಳು

ಆ 40 ಗಜದ ಒದೆತದ ಕಥೆ ನಿಜವಾ?

ಪೂರ್ತಿ ನಿಜ. 1966ರ ಅಕ್ಟೋಬರ್ 29. ಗೇನ್ಸ್‌ವಿಲ್‌ನಲ್ಲಿ ಆಬರ್ನ್ ತಂಡದ ಜೊತೆ ಪಂದ್ಯ. ಸ್ಕೋರ್ 27-27, ಉಳಿದದ್ದು ಎರಡೇ ನಿಮಿಷ ಅನ್ನಿ. ಫೀಲ್ಡ್ ಗೋಲ್ ಒದೆಯಬೇಕು. ಆದರೆ ದೂರ 40 ಗಜ, ತಂಡದ ಮಾಮೂಲಿ ಕಿಕ್ಕರ್‌ಗೆ ಅದು ಕಷ್ಟ. ಕ್ವಾರ್ಟರ್‌ಬ್ಯಾಕ್ ಸ್ಪರಿಯರ್ ತಾವೇ ಒದೆಯುತ್ತೇನೆ ಎಂದರು. ಒದ್ದರು. ಚೆಂಡು ಕಂಬಗಳ ನಡುವೆ ಹೋಯಿತು. 30-27.

ಪಾಸ್ ಎಸೆಯುವವನು ಫೀಲ್ಡ್ ಗೋಲ್ ಒದೆಯುವುದು ಆಗಲೂ ಅಪರೂಪ, ಈಗಂತೂ ಕಾಣುವುದೇ ಇಲ್ಲ. ಹೈಸ್ಮನ್ ಮತ ಹಾಕುವವರ ಮನಸ್ಸು ಆ ದಿನವೇ ಅವರ ಕಡೆ ವಾಲಿತು ಎನ್ನುತ್ತಾರೆ. ಪರ್ಡ್ಯೂ ವಿಶ್ವವಿದ್ಯಾಲಯದ ಬಾಬ್ ಗ್ರೀಸೀ ಎರಡನೆಯವರಾದರು.

ಟ್ರೋಫಿಯನ್ನ ವಾಪಸ್ ಕೊಟ್ಟುಬಿಟ್ರಂತೆ?

ಕೊಟ್ಟರು, ಆದರೆ ಬೇಡವೆಂದು ಅಲ್ಲ. ಇದು ತನ್ನೊಬ್ಬನದಲ್ಲ, ಎಲ್ಲ ವಿದ್ಯಾರ್ಥಿಗಳದು ಅಂತ ವಿಶ್ವವಿದ್ಯಾಲಯದ ಅಧ್ಯಕ್ಷರ ಕೈಗೆ ಒಪ್ಪಿಸಿದರು. ಆಗೆಲ್ಲ ಟ್ರೋಫಿ ಒಂದೇ, ಅದು ಆಟಗಾರನ ಮನೆಗೆ ಹೋಗುತ್ತಿತ್ತು. ವಿದ್ಯಾರ್ಥಿಗಳಿಗೆ ಸುಮ್ಮನಿರಲು ಆಗಲಿಲ್ಲ. ಹಣ ಕೂಡಿಸಿ ಅಂಥದ್ದೇ ಇನ್ನೊಂದನ್ನು ಅವರಿಗೆ ಮಾಡಿಸಿಕೊಟ್ಟರು. ಅಲ್ಲಿಂದ ಮುಂದೆ ಟ್ರೋಫಿ ಕೊಡುವ ನ್ಯೂಯಾರ್ಕಿನ ಕ್ಲಬ್ ಪ್ರತಿ ವರ್ಷ ಎರಡು ಕೊಡಲು ಶುರುಮಾಡಿತು, ಆಟಗಾರನಿಗೆ ಒಂದು, ಅವನ ಕಾಲೇಜಿಗೆ ಒಂದು. ಇವತ್ತೂ ಅದೇ ಪದ್ಧತಿ.

ಕಾಲೇಜಲ್ಲಿ ಅಷ್ಟು ದೊಡ್ಡ ಹೆಸರು. ವೃತ್ತಿಪರ ಆಟದಲ್ಲಿ ಯಾಕೆ ಮಿಂಚಲಿಲ್ಲ?

ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 1967ರ ಆಯ್ಕೆಯಲ್ಲಿ ಅವರು ದೇಶಕ್ಕೇ ಮೂರನೆಯವರು. ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡ ತೆಗೆದುಕೊಂಡಿತು. ಆದರೆ ಅಲ್ಲಿ ಆಗಲೇ ಜಾನ್ ಬ್ರೋಡಿ ಎಂಬ ಪಳಗಿದ ಕ್ವಾರ್ಟರ್‌ಬ್ಯಾಕ್ ಇದ್ದರು. ಸ್ಪರಿಯರ್ ವರ್ಷಗಟ್ಟಲೆ ಅವರ ಹಿಂದೆ ಕಾದರು. ಕೆಲವು ವರ್ಷ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುವ ಪಂಟರ್ ಕೆಲಸ ಮಾಡಿದರು. 1972ರಲ್ಲಿ ಬ್ರೋಡಿ ಗಾಯಗೊಂಡಾಗ ಚೆನ್ನಾಗಿ ಆಡಿ ತಂಡವನ್ನು ಮುಂದಿನ ಸುತ್ತಿಗೆ ತಂದರು. ಅಷ್ಟರಲ್ಲಿ ವಯಸ್ಸು ಓಡುತ್ತಿತ್ತು.

1976ರಲ್ಲಿ ಹೊಸದಾಗಿ ಹುಟ್ಟಿದ ಟ್ಯಾಂಪಾ ಬೇ ಬಕನಿಯರ್ಸ್ ತಂಡಕ್ಕೆ ಹೋದರು. ಆ ವರ್ಷ 14 ಪಂದ್ಯ, 14 ಸೋಲು. ಒಂದೂ ಗೆಲ್ಲದ ತಂಡದ ಕ್ವಾರ್ಟರ್‌ಬ್ಯಾಕ್ ಎಂಬ ಹೆಸರು ಹೊತ್ತು ಹೊರಬಂದರು. ಇಪ್ಪತ್ತೊಂದನೇ ವಯಸ್ಸಿಗೆ ದೇಶದ ಅತ್ಯುತ್ತಮ, ಮೂವತ್ತೊಂದಕ್ಕೆ ಹೀಗೆ. ನನಗೆ ಅವರ ಕಥೆಯಲ್ಲಿ ಮನಸ್ಸಿಗೆ ತಟ್ಟುವುದು ಈ ಹತ್ತು ವರ್ಷ. ಬೆಂಚಿನ ಮೇಲೆ ಕೂತು, ಒಳ್ಳೆಯ ಆಟ ಯಾಕೆ ನಡೆಯುತ್ತದೆ, ಕೆಟ್ಟ ಆಟ ಯಾಕೆ ನಿಲ್ಲುತ್ತದೆ ಅಂತ ಅಷ್ಟು ಹೊತ್ತು ನೋಡಿದವರು ಕಡಿಮೆ.

## ಕೋಚ್ ಆದ ಬಗೆ

ಹೈಸ್ಮನ್ ಗೆದ್ದವರಲ್ವಾ, ಕೋಚ್ ಕೆಲಸ ಕರೆದು ಕೊಟ್ಟಿರಬೇಕು?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನಿಜ ಬೇರೆ. 1978ರಲ್ಲಿ ಫ್ಲೋರಿಡಾದ ಕೋಚ್ ಡಗ್ ಡಿಕಿ ಸ್ಪರಿಯರ್‌ಗೆ ಕ್ವಾರ್ಟರ್‌ಬ್ಯಾಕ್‌ಗಳನ್ನು ತಿದ್ದುವ ಸಣ್ಣ ಕೆಲಸ ಕೊಟ್ಟರು. ಆ ವರ್ಷದ ಕೊನೆಗೆ ಡಿಕಿ ಅವರನ್ನೇ ತೆಗೆದರು. ಹೊಸ ಕೋಚ್ ಸ್ಪರಿಯರ್ ಅವರನ್ನು ಉಳಿಸಿಕೊಳ್ಳಲಿಲ್ಲ. 1979ರಲ್ಲಿ ಜಾರ್ಜಿಯಾ ಟೆಕ್‌ಗೆ ಹೋದರು. ಅಲ್ಲೂ ವರ್ಷದ ಕೊನೆಗೆ ಮುಖ್ಯ ಕೋಚ್ ಬದಲು, ಸ್ಪರಿಯರ್ ಮತ್ತೆ ಹೊರಗೆ. ಎರಡು ವರ್ಷದಲ್ಲಿ ಎರಡು ಕೆಲಸ ಹೋಯಿತು. ಅದರಲ್ಲಿ ಒಂದು ತಾವೇ ಹೆಸರು ತಂದುಕೊಟ್ಟ ಕಾಲೇಜಿನಲ್ಲಿ.

1980ರಲ್ಲಿ ನಾರ್ತ್ ಕ್ಯಾರೊಲೈನಾದ ಡ್ಯೂಕ್ ವಿಶ್ವವಿದ್ಯಾಲಯದ ಕೋಚ್ ರೆಡ್ ವಿಲ್ಸನ್, ಸ್ಪರಿಯರ್ ಅವರನ್ನು ಕರೆದು ದಾಳಿಯ ಹೊಣೆ ಪೂರ್ತಿ ಒಪ್ಪಿಸಿದರು. ಯಾವ ಸಲ ಯಾವ ಆಟ ಆಡಬೇಕು ಅನ್ನುವುದು ಇನ್ನು ಸ್ಪರಿಯರ್ ಮಾತು. ಮೂರು ವರ್ಷ ಅಲ್ಲಿದ್ದರು. ಅವರ ಪಾಸಿಂಗ್ ಆಟಕ್ಕೆ ರೂಪ ಬಂದದ್ದು ಅಲ್ಲೇ.

ಮುಖ್ಯ ಕೋಚ್ ಆಗಿದ್ದು ಯಾವಾಗ?

1983ರಲ್ಲಿ, ವೃತ್ತಿಪರ ತಂಡಕ್ಕೆ. ಯುಎಸ್‌ಎಫ್‌ಎಲ್ ಎಂಬ ಹೊಸ ಲೀಗ್ ಆಗತಾನೇ ಹುಟ್ಟಿತ್ತು. ಟ್ಯಾಂಪಾ ಬೇ ಬ್ಯಾಂಡಿಟ್ಸ್ ತಂಡ ಇವರನ್ನು ನಂಬಿತು. ಒಂದೂ ಗೆಲ್ಲದೆ ಹೊರಟ ಊರಿಗೇ ವಾಪಸ್ ಬಂದರು. ಮೂರು ಸೀಸನ್ನಿನಲ್ಲಿ 35 ಗೆಲುವು, 19 ಸೋಲು. ಊರಿನ ಜನ ಆ ಧಾರಾಳ ಪಾಸಿಂಗ್ ಆಟಕ್ಕೆ ಬ್ಯಾಂಡಿಟ್ ಬಾಲ್ ಅಂತ ಹೆಸರಿಟ್ಟರು. ಸಿನಿಮಾ ನಟ ಬರ್ಟ್ ರೆನಾಲ್ಡ್ಸ್‌ಗೂ ಆ ತಂಡದಲ್ಲಿ ಪಾಲಿತ್ತು. 1985ರ ನಂತರ ಲೀಗೇ ಮುಚ್ಚಿತು.

ಡ್ಯೂಕ್‌ನಲ್ಲಿ ಮಾಡಿದ್ದನ್ನ ಅಷ್ಟು ದೊಡ್ಡದು ಅಂತ ಯಾಕೆ ಹೇಳ್ತಾರೆ? ಬರೀ 20 ಗೆಲುವು ತಾನೇ?

ಡ್ಯೂಕ್ ಓದಿಗೆ ಹೆಸರಾದ ವಿಶ್ವವಿದ್ಯಾಲಯ, ಬ್ಯಾಸ್ಕೆಟ್‌ಬಾಲಿಗೆ ಹೆಸರಾದ ವಿಶ್ವವಿದ್ಯಾಲಯ. ಫುಟ್‌ಬಾಲಿಗೆ ಅಲ್ಲ. ಒಳ್ಳೆಯ ಆಟಗಾರರು ಅಲ್ಲಿಗೆ ಬರುವುದೇ ಕಷ್ಟ. 1987ರಲ್ಲಿ ಮುಖ್ಯ ಕೋಚ್ ಆಗಿ ಬಂದ ಸ್ಪರಿಯರ್ ಮೊದಲ ವರ್ಷ 5 ಗೆದ್ದರು, ಎರಡನೇ ವರ್ಷ 7, ಮೂರನೇ ವರ್ಷ 8. 1989ರಲ್ಲಿ, ಡ್ಯೂಕ್ ಇದ್ದ ವಿಶ್ವವಿದ್ಯಾಲಯಗಳ ಗುಂಪು ಎಸಿಸಿಯ ಪಟ್ಟವನ್ನು ವರ್ಜೀನಿಯಾ ಜೊತೆ ಹಂಚಿಕೊಂಡರು. ಡ್ಯೂಕ್‌ಗೆ 1962ರ ನಂತರ ಸಿಕ್ಕ ಮೊದಲ ಪಟ್ಟ ಅದು.

ಆ ಸೀಸನ್ನಿನಲ್ಲೇ ಪಕ್ಕದ ಊರಿನ ಪ್ರತಿಸ್ಪರ್ಧಿ ನಾರ್ತ್ ಕ್ಯಾರೊಲೈನಾವನ್ನು ಅವರದೇ ಮೈದಾನದಲ್ಲಿ 41-0 ಅಂತ ಸೋಲಿಸಿದರು. ಆಟ ಮುಗಿದ ಮೇಲೆ ಸ್ಕೋರ್‌ಬೋರ್ಡ್ ಕೆಳಗೆ ತಂಡವನ್ನೆಲ್ಲ ನಿಲ್ಲಿಸಿ ಫೋಟೋ ತೆಗೆಸಿದರು. ಎದುರಿನವರಿಗೆ ಉರಿಯಿತು. ನಾನು ಆ ಫೋಟೋವನ್ನು ಬೇರೆ ಥರ ನೋಡುತ್ತೇನೆ. ವರ್ಷಗಟ್ಟಲೆ ಸೋತು ಅಭ್ಯಾಸವಾದ ಹುಡುಗರಿಗೆ ಒಂದು ಗುರುತು ಬೇಕಿತ್ತು, ಇದು ಕನಸಲ್ಲ, ನಾವೇ ಮಾಡಿದ್ದು ಅಂತ ತೋರಿಸುವ ಗುರುತು.

## ಫ್ಲೋರಿಡಾಗೆ ವಾಪಸ್

ಅವರು ಬರೋ ಮುಂಚೆ ಫ್ಲೋರಿಡಾ ಅಷ್ಟು ಕೆಟ್ಟ ತಂಡವಾಗಿತ್ತಾ?

ಕೆಟ್ಟದ್ದೇನಲ್ಲ. ಆದರೆ ಗೆಲ್ಲಬೇಕಾದ ದಿನ ಸೋಲುವ ತಂಡ ಅಂತ ಹೆಸರಾಗಿತ್ತು. ಎಸ್‌ಇಸಿ ಅಂದರೆ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳ ಗುಂಪು, ಅಲ್ಲಿನ ಫುಟ್‌ಬಾಲೇ ದೇಶದಲ್ಲಿ ಕಠಿಣ. 1933ರಲ್ಲಿ ಅದು ಶುರುವಾದಾಗಿನಿಂದ ಫ್ಲೋರಿಡಾ ಅದರಲ್ಲಿತ್ತು. ಪಟ್ಟ ಮಾತ್ರ ಇಲ್ಲ. 1984ರಲ್ಲಿ ಮೈದಾನದಲ್ಲಿ ಗೆದ್ದರು, ಆದರೆ ನಿಯಮ ಮುರಿದದ್ದಕ್ಕೆ ಅದನ್ನು ಕಿತ್ತುಕೊಂಡರು.

1990ರಲ್ಲಿ ಸ್ಪರಿಯರ್ ಬಂದಾಗ ತಂಡದ ಮೇಲೆ ಮತ್ತೆ ಶಿಕ್ಷೆ, ಅವರು ಬರುವ ಮುಂಚಿನ ತಪ್ಪಿಗೆ. ಆ ವರ್ಷ ಎಸ್‌ಇಸಿಯಲ್ಲಿ ಎಲ್ಲರಿಗಿಂತ ಮೇಲೆ ನಿಂತರೂ ಪಟ್ಟ ಸಿಗಲಿಲ್ಲ. 1991ರಲ್ಲಿ ಸಿಕ್ಕಿತು. 58 ವರ್ಷ ಕಾದ ಮೊದಲ ಪಟ್ಟ. ಆಮೇಲೆ 1993, 94, 95, 96ರಲ್ಲಿ ಸತತ ನಾಲ್ಕು, 2000ದಲ್ಲಿ ಇನ್ನೊಂದು. ಹನ್ನೆರಡು ವರ್ಷದಲ್ಲಿ ಒಂದು ವರ್ಷವೂ 9 ಗೆಲುವಿಗಿಂತ ಕೆಳಗೆ ಇಳಿಯಲಿಲ್ಲ.

ಫನ್ ಎನ್ ಗನ್ ಅಂತಾರಲ್ಲ, ಹಾಗಂದ್ರೆ ಏನು?

ಅವರ ದಾಳಿಯ ಶೈಲಿಗೆ ಇಟ್ಟ ಹೆಸರು. ಆಗಿನ ಎಸ್‌ಇಸಿಯಲ್ಲಿ ಎಲ್ಲರದ್ದೂ ಒಂದೇ ದಾರಿ: ಚೆಂಡನ್ನು ಓಡುವವನಿಗೆ ಕೊಡು, ಮೂರು ಗಜ ನಾಲ್ಕು ಗಜ ಮುಂದೆ ನೂಕು, ಡಿಫೆನ್ಸ್ ನಂಬಿಕೊಂಡು ಗೆಲ್ಲು. ಪಾಸ್ ಎಸೆಯುವುದು ಬೇರೆ ದಾರಿ ಇಲ್ಲದಾಗ. ಸ್ಪರಿಯರ್ ಮೊದಲ ಅವಕಾಶದಲ್ಲೇ ಎಸೆದರು. ಮುಂದಿದ್ದರೂ ಎಸೆದರು.

ಅದರ ಒಳಗುಟ್ಟು ಹೀಗೆ. ರಿಸೀವರ್‌ಗಳನ್ನು, ಅಂದರೆ ಪಾಸ್ ಹಿಡಿಯುವವರನ್ನು, ಮೈದಾನದ ಅಗಲಕ್ಕೆ ಹರಡಿ ನಿಲ್ಲಿಸುತ್ತಾರೆ. ಎದುರಿನ ಡಿಫೆನ್ಸ್ ಕೂಡ ಹರಡಲೇಬೇಕು. ಆಗ ನಡುವೆ ಖಾಲಿ ಜಾಗ ಹುಟ್ಟುತ್ತದೆ. ರಿಸೀವರ್ ಓಡುತ್ತಾ ಓಡುತ್ತಾ ಎದುರಿನವನು ಎಲ್ಲಿ ನಿಂತಿದ್ದಾನೆ ಅಂತ ನೋಡಿ ದಾರಿ ಬದಲಿಸುತ್ತಾನೆ. ಕ್ವಾರ್ಟರ್‌ಬ್ಯಾಕ್ ಕೂಡ ಅದನ್ನೇ ಓದಿರಬೇಕು. ಇಬ್ಬರ ಕಣ್ಣಿಗೂ ಒಂದೇ ಕಂಡರೆ, ರಿಸೀವರ್ ಇನ್ನೂ ತಿರುಗುವ ಮುಂಚೆಯೇ ಚೆಂಡು ಆ ಜಾಗಕ್ಕೆ ಹೊರಟಿರುತ್ತದೆ. ಒಬ್ಬನಿಗೆ ತಪ್ಪಾಗಿ ಕಂಡರೂ ಚೆಂಡು ಎದುರಾಳಿ ಕೈಗೆ. ಅದಕ್ಕೇ ಸ್ಪರಿಯರ್ ಕ್ವಾರ್ಟರ್‌ಬ್ಯಾಕ್‌ಗಳ ಮೇಲೆ ಅಷ್ಟು ಕಠಿಣವಾಗಿದ್ದರು. ಒಂದು ತಪ್ಪು ಪಾಸ್ ಕಂಡರೆ ತಲೆಯ ಮೇಲಿನ ವೈಸರ್ ಕಿತ್ತು ನೆಲಕ್ಕೆ ಎಸೆಯುತ್ತಿದ್ದರು. ಟಿವಿಯಲ್ಲಿ ಆ ದೃಶ್ಯ ನೋಡಿದ ತಲೆಮಾರೇ ಇದೆ.

ಇನ್ನೊಂದು ಮಾತು. ಯಾವ ಸಲ ಯಾವ ಆಟ ಅನ್ನುವುದನ್ನು ಬೇರೆಯವರಿಗೆ ಬಿಡದೆ ತಾವೇ ಹೇಳುತ್ತಿದ್ದರು. ಮುಖ್ಯ ಕೋಚ್ ಆಗಿಯೂ ಮನಸ್ಸಿನಲ್ಲಿ ಅವರು ಕ್ವಾರ್ಟರ್‌ಬ್ಯಾಕೇ.

ಕ್ರೀಡಾಂಗಣಕ್ಕೆ ಸ್ವಾಂಪ್ ಅಂತ ಹೆಸರು ಇಟ್ಟದ್ದು ಅವರೇನಾ?

ಹೌದು. ಸ್ವಾಂಪ್ ಅಂದರೆ ಜೌಗು. ತಂಡದ ಹೆಸರು ಗೇಟರ್ಸ್, ಅಂದರೆ ಮೊಸಳೆ ಜಾತಿಯ ಆಲಿಗೇಟರ್‌ಗಳು. ಜೌಗಿನಿಂದ ಜೀವಂತ ಹೊರಬರುವುದು ಅವು ಮಾತ್ರ ಎನ್ನುವುದು ಅವರ ಲೆಕ್ಕ. ಮೈದಾನ ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದೆ, ಸೆಪ್ಟೆಂಬರಿನ ಸೆಕೆ ಅಲ್ಲೇ ನಿಲ್ಲುತ್ತದೆ, ಗದ್ದಲವೂ ಅಲ್ಲೇ ಸುತ್ತುತ್ತದೆ. ಹಾಗಾಗಿ ಹೆಸರು ಕೂಡಲೇ ಅಂಟಿಕೊಂಡಿತು. ಬಂದ ವರ್ಷವೇ ಅವರು ಅಲ್ಲಿದ್ದ ಕೃತಕ ಹಾಸು ತೆಗೆಸಿ ನಿಜವಾದ ಹುಲ್ಲು ಹಾಕಿಸಿದರು. ಅವರ ಕಾಲದಲ್ಲಿ ಆ ಮೈದಾನದಲ್ಲಿ ಫ್ಲೋರಿಡಾ 68 ಗೆದ್ದು 5 ಸೋತಿತು.

1996ರಲ್ಲಿ ಮಾಮೂಲಿ ಸೀಸನ್ನಿನ ಕೊನೆ ಪಂದ್ಯ ಸೋತ್ರೂ ಚಾಂಪಿಯನ್ ಆಗಿದ್ದು ಹೇಗೆ?

ಇದನ್ನು ಒಂದು ವರ್ಷ ಹಿಂದಿನಿಂದ ಹೇಳಬೇಕು. 1995ರ ಸೀಸನ್ನಿನಲ್ಲಿ ಫ್ಲೋರಿಡಾ 12 ಪಂದ್ಯ ಗೆದ್ದು ಪಟ್ಟದ ಪಂದ್ಯಕ್ಕೆ ಬಂತು. 1996ರ ಜನವರಿ 2ರಂದು ಅರಿಜೋನಾದಲ್ಲಿ ಫಿಯೆಸ್ಟಾ ಬೌಲ್ (ಬೌಲ್ ಅಂದರೆ ಮಾಮೂಲಿ ಸೀಸನ್ ಮುಗಿದ ಮೇಲೆ ಆಡುವ ದೊಡ್ಡ ಪಂದ್ಯ). ಎದುರಿಗೆ ನೆಬ್ರಾಸ್ಕಾ. ಸ್ಕೋರ್ 62-24. ಬರೀ ಸೋಲಲ್ಲ, ದೇಶವೆಲ್ಲ ನೋಡುತ್ತಿರುವಾಗ ಆದ ಅವಮಾನ. ಡಿಫೆನ್ಸ್ ಸಾಲದು ಅಂತ ಸ್ಪರಿಯರ್ ಒಪ್ಪಿಕೊಂಡರು. ಬಾಬ್ ಸ್ಟೂಪ್ಸ್ ಎಂಬ ಮೂವತ್ತೈದರ ಕೋಚ್‌ನನ್ನು ಕರೆಸಿ ಡಿಫೆನ್ಸ್ ಅವರ ಕೈಗೆ ಕೊಟ್ಟರು. ಈ ಸ್ಟೂಪ್ಸ್ ಮುಂದೆ ಒಕ್ಲಹೋಮಾಗೆ ಹೋಗಿ ತಾವೂ ರಾಷ್ಟ್ರೀಯ ಪಟ್ಟ ಗೆದ್ದರು.

ಮುಂದಿನ ಸೀಸನ್. ದೇಶದ ತಂಡಗಳ ಪಟ್ಟಿಯಲ್ಲಿ ಫ್ಲೋರಿಡಾ ಒಂದನೇ ಸ್ಥಾನದಲ್ಲಿ, ಅದೇ ರಾಜ್ಯದ ಬೇರೊಂದು ವಿಶ್ವವಿದ್ಯಾಲಯ ಫ್ಲೋರಿಡಾ ಸ್ಟೇಟ್ ಎರಡನೇ ಸ್ಥಾನದಲ್ಲಿ. ನವೆಂಬರ್ 30ರಂದು ಅವರಿಬ್ಬರ ಪಂದ್ಯ. ಫ್ಲೋರಿಡಾ ಸ್ಟೇಟ್ 24-21ರಿಂದ ಗೆದ್ದಿತು. ಆ ದಿನ ಕ್ವಾರ್ಟರ್‌ಬ್ಯಾಕ್ ವರ್ಫಲ್ ಮತ್ತೆ ಮತ್ತೆ ನೆಲಕ್ಕೆ ಬಿದ್ದರು. ಚೆಂಡು ಎಸೆದ ಮೇಲೂ ಹೊಡೆದರು ಅಂತ ಸ್ಪರಿಯರ್ ಬಹಿರಂಗವಾಗಿ ಸಿಟ್ಟಾದರು. ಪಟ್ಟದ ಆಸೆ ಮುಗಿಯಿತು ಅನ್ನಿಸಿತು.

ಆಮೇಲೆ ಒಂದೊಂದೇ ಬಾಗಿಲು ತೆರೆಯಿತು. ಒಂದು ವಾರದ ನಂತರ ಫ್ಲೋರಿಡಾ ಅಲಬಾಮಾವನ್ನು 45-30ರಿಂದ ಸೋಲಿಸಿ ಎಸ್‌ಇಸಿ ಪಟ್ಟ ಗೆದ್ದಿತು. ಅದೇ ದಿನ ನೆಬ್ರಾಸ್ಕಾ ಟೆಕ್ಸಸ್ ಕೈಲಿ ಸೋತಿತು. ಹಾಗಾಗಿ ಶುಗರ್ ಬೌಲ್‌ನಲ್ಲಿ ಫ್ಲೋರಿಡಾ ಸ್ಟೇಟ್ ಜೊತೆ ಇನ್ನೊಂದು ಪಂದ್ಯ ಸಿಕ್ಕಿತು. ಅದಕ್ಕೆ ಒಂದು ದಿನ ಮುಂಚೆ, ಜನವರಿ 1ರಂದು, ಸೋಲನ್ನೇ ಕಾಣದಿದ್ದ ಅರಿಜೋನಾ ಸ್ಟೇಟ್ ಒಹಾಯೋ ಸ್ಟೇಟ್‌ಗೆ ಸೋತಿತು. ಈಗ ಶುಗರ್ ಬೌಲ್ ಗೆದ್ದರೆ ಪಟ್ಟ ಕೈಗೆ ಬರುವಂತಿತ್ತು.

1997ರ ಜನವರಿ 2, ನ್ಯೂ ಆರ್ಲಿಯನ್ಸ್. ಸ್ಪರಿಯರ್ ಒಂದೇ ಒಂದು ಬದಲಾವಣೆ ಮಾಡಿದರು, ಅದೇ ಸಾಕಾಯಿತು. ವರ್ಫಲ್‌ನನ್ನು ಮುಂದಿನ ಸಾಲಿಗೆ ಅಂಟಿ ನಿಲ್ಲಿಸದೆ ಕೆಲವು ಗಜ ಹಿಂದೆ ನಿಲ್ಲಿಸಿದರು. ಇದಕ್ಕೆ ಶಾಟ್‌ಗನ್ ಅನ್ನುತ್ತಾರೆ. ಎದುರಿನವರು ಓಡಿ ಬರುವಷ್ಟರಲ್ಲಿ ಅವನಿಗೆ ಕಣ್ಣು ಹಾಯಿಸಲು ಇನ್ನೊಂದು ಕ್ಷಣ ಜಾಸ್ತಿ ಸಿಕ್ಕಿತು. ರಿಸೀವರ್ ಐಕ್ ಹಿಲಿಯರ್ಡ್ ಒಬ್ಬನೇ ಮೂರು ಟಚ್‌ಡೌನ್ ಪಾಸ್ ಹಿಡಿದ. ಸ್ಕೋರ್ 52-20. ಐದು ವಾರದ ಹಿಂದೆ ಸೋತ ತಂಡದ ಮೇಲೆಯೇ. ಆ ವರ್ಷದ ಹೈಸ್ಮನ್ ವರ್ಫಲ್‌ಗೆ ಸಿಕ್ಕಿತು. ಹೈಸ್ಮನ್ ಗೆದ್ದವರೊಬ್ಬರು ಕೋಚ್ ಆಗಿ ಇನ್ನೊಬ್ಬ ಹೈಸ್ಮನ್ ವಿಜೇತನನ್ನು ಬೆಳೆಸಿದ್ದು ಅದೇ ಮೊದಲು.

ಎದುರಾಳಿ ಸೋತು ಸುಣ್ಣವಾದ ಮೇಲೂ ಅಂಕ ಹೊಡೀತಾ ಇದ್ರಂತೆ. ಅದು ಸರಿನಾ?

1995ರಲ್ಲಿ ಜಾರ್ಜಿಯಾದ ಅಥೆನ್ಸ್ ಊರಲ್ಲಿ ನಡೆದದ್ದನ್ನು ನೆನೆದೇ ಎಲ್ಲರೂ ಇದನ್ನು ಕೇಳುವುದು. ಆ ಮೈದಾನದಲ್ಲಿ ಯಾವ ಎದುರಾಳಿಯೂ 50 ಅಂಕ ಗಳಿಸಿಲ್ಲ ಅಂತ ಸ್ಪರಿಯರ್‌ಗೆ ಗೊತ್ತಾಗಿತ್ತು. ಗೆಲುವು ಖಚಿತವಾದ ಮೇಲೂ ಕೊನೆಯಲ್ಲಿ ಪಾಸ್ ಎಸೆಸಿ 52-17 ಮಾಡಿದರು.

ಇದರ ಹಿಂದೆ ಹಳೆಯ ಗಾಯ ಇದೆ. 1966ರಲ್ಲಿ ಅವರು ಆಡುತ್ತಿದ್ದಾಗ ಫ್ಲೋರಿಡಾ ಮೊದಲ ಏಳು ಪಂದ್ಯ ಗೆದ್ದಿತ್ತು. ಎಂಟನೆಯದು ಜಾರ್ಜಿಯಾ ಮೇಲೆ. 27-10ರಿಂದ ಸೋತರು, ಸ್ಪರಿಯರ್ ಎಸೆದ ಮೂರು ಪಾಸ್ ಎದುರಾಳಿ ಕೈ ಸೇರಿದವು. ಅವರು ಅದನ್ನು ಮರೆಯಲಿಲ್ಲ. ಫ್ಲೋರಿಡಾ ಕೋಚ್ ಆಗಿ ಜಾರ್ಜಿಯಾ ಜೊತೆ 12 ಸಲ ಆಡಿ 11 ಗೆದ್ದರು. ಗಾಯ ನನಗೆ ಅರ್ಥವಾಗುತ್ತದೆ. ಆದರೂ ಕೊನೆಯ ಆ ಟಚ್‌ಡೌನ್ ಬೇಕಿರಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಎದುರಿಗಿದ್ದವರು 1966ರ ಆಟಗಾರರಲ್ಲ, ಆಮೇಲೆ ಹುಟ್ಟಿದ ಹುಡುಗರು.

ಎದುರಾಳಿಗಳನ್ನ ಕೆಣಕೋ ಮಾತುಗಳಿಗೂ ಹೆಸರುವಾಸಿ ಅಲ್ವಾ?

ಹೌದು. ಟೆನೆಸ್ಸೀ ತಂಡ ಪಟ್ಟ ತಪ್ಪಿಸಿಕೊಂಡು ಮತ್ತೆ ಮತ್ತೆ ಸಿಟ್ರಸ್ ಬೌಲ್‌ಗೆ ಹೋಗುತ್ತಿತ್ತು. ಟೆನೆಸ್ಸೀಯ ಗುರುತು ಯು ಮತ್ತು ಟಿ ಅಕ್ಷರ. ಯುಟಿ ಇಲ್ಲದೆ ಸಿಟ್ರಸ್ ಅಂತ ಬರೆಯೋಕೇ ಆಗಲ್ಲ ಅಂದರು. ಅಲ್ಲಿನ ಅಭಿಮಾನಿಗಳು ಇವತ್ತಿಗೂ ಇದನ್ನು ಮರೆತಿಲ್ಲ. ಸ್ಪರಿಯರ್ ಹುಡುಗನಾಗಿ ಬೆಳೆದದ್ದು ಟೆನೆಸ್ಸೀಯಲ್ಲೇ ಅನ್ನುವುದು ಅವರಿಗೆ ಇನ್ನೂ ಉರಿ.

ಅವರಿಗೇ ಬಗ್ಗದ ತಂಡ ಯಾವುದಾದ್ರೂ ಇತ್ತಾ?

ಫ್ಲೋರಿಡಾ ಸ್ಟೇಟ್. ಬಾಬಿ ಬೌಡನ್ ಅವರ ತಂಡ. ಫ್ಲೋರಿಡಾದಲ್ಲಿದ್ದಾಗ ಸ್ಪರಿಯರ್ ಆ ತಂಡದ ಮೇಲೆ 5 ಗೆದ್ದು 8 ಸೋತರು, ಒಂದು ಡ್ರಾ. ಆ ಡ್ರಾ ಸೋಲಿಗಿಂತ ಕಹಿ. 1994ರಲ್ಲಿ ಕೊನೆಯ ಭಾಗ ಶುರುವಾದಾಗ 31-3 ಮುಂದಿದ್ದರು. ಮುಗಿದಾಗ 31-31.

ಗೆಲುವುಗಳಲ್ಲಿ ನನಗೆ 1997ರದ್ದು ಇಷ್ಟ. ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಒಂದೊಂದು ಆಟಕ್ಕೆ ಒಬ್ಬೊಬ್ಬರಂತೆ ಅದಲುಬದಲು ಮಾಡಿ ಆಡಿಸಿದರು. ಒಬ್ಬ ಆಡುತ್ತಿರುವಾಗ ಇನ್ನೊಬ್ಬನಿಗೆ ಪಕ್ಕದಲ್ಲಿ ನಿಂತು ಮುಂದಿನದ್ದನ್ನು ಹೇಳಿಕೊಡಬಹುದು ಅಲ್ವಾ? 32-29ರಿಂದ ಗೆದ್ದರು.

## ಆಮೇಲಿನ ದಾರಿ

ವಾಷಿಂಗ್ಟನ್ ತಂಡದಲ್ಲಿ ಏನಾಯ್ತು?

2002ರ ಜನವರಿಯಲ್ಲಿ, ಆರೆಂಜ್ ಬೌಲ್‌ನಲ್ಲಿ ಮೇರಿಲ್ಯಾಂಡ್ ಮೇಲೆ 56-23ರಿಂದ ಗೆದ್ದ ಕೆಲವೇ ದಿನಕ್ಕೆ ಫ್ಲೋರಿಡಾ ಬಿಟ್ಟರು. ಎನ್‌ಎಫ್‌ಎಲ್ ಎಂಬ ದೊಡ್ಡ ವೃತ್ತಿಪರ ಲೀಗಿನ ವಾಷಿಂಗ್ಟನ್ ತಂಡ ಐದು ವರ್ಷಕ್ಕೆ 2.5 ಕೋಟಿ ಡಾಲರ್ ಕೊಡಲು ಒಪ್ಪಿತ್ತು. ಮೊದಲ ವರ್ಷ 7 ಗೆಲುವು 9 ಸೋಲು, ಎರಡನೇ ವರ್ಷ 5 ಗೆಲುವು 11 ಸೋಲು. ಎರಡೇ ವರ್ಷಕ್ಕೆ ರಾಜೀನಾಮೆ ಕೊಟ್ಟು, ಉಳಿದ ಮೂರು ವರ್ಷದ ಹಣವನ್ನೂ ಬಿಟ್ಟು ಹೊರಟರು.

ವೃತ್ತಿಪರ ಡಿಫೆನ್ಸ್ ವೇಗವೇ ಬೇರೆ. ಐದು ಜನ ರಿಸೀವರ್‌ಗಳನ್ನು ಓಡಲು ಬಿಟ್ಟರೆ ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ಕಡಿಮೆ. ಕಾಲೇಜಿನಲ್ಲಿ ಅದು ನಡೆಯುತ್ತಿತ್ತು, ಅಲ್ಲಿ ನಡೆಯಲಿಲ್ಲ. ಆಟಗಾರರನ್ನು ಆರಿಸುವ ಹಕ್ಕೂ ಪೂರ್ತಿ ಅವರ ಕೈಯಲ್ಲಿರಲಿಲ್ಲ.

ಸೌತ್ ಕ್ಯಾರೊಲೈನಾದಲ್ಲಿ ಪಟ್ಟವೇ ಗೆಲ್ಲಲಿಲ್ಲ. ಆದ್ರೂ ಅಲ್ಲಿ ಅಷ್ಟು ಗೌರವ ಯಾಕೆ?

ಅವರು ಅಲ್ಲಿಗೆ ಹೋದಾಗ ಆ ತಂಡದ ಹಳೆಯ ಇತಿಹಾಸದಲ್ಲಿ ಹೆಮ್ಮೆ ಪಡುವಂಥದ್ದು ಬಹಳ ಕಡಿಮೆ. 2005ರಲ್ಲಿ ಶುರುಮಾಡಿದರು. ಮೊದಲ ವರ್ಷವೇ ತಮ್ಮ ಹಳೆಯ ಫ್ಲೋರಿಡಾವನ್ನು 30-22ರಿಂದ ಸೋಲಿಸಿದರು. 2010ರಲ್ಲಿ ಒಂದನೇ ಸ್ಥಾನದಲ್ಲಿದ್ದ ಅಲಬಾಮಾವನ್ನು 35-21ರಿಂದ ಸೋಲಿಸಿದರು. ಒಂದನೇ ಸ್ಥಾನದ ತಂಡವನ್ನು ಸೌತ್ ಕ್ಯಾರೊಲೈನಾ ಸೋಲಿಸಿದ್ದು ಅದೇ ಮೊದಲು. ಆ ವರ್ಷ ಎಸ್‌ಇಸಿ ಪೂರ್ವ ವಿಭಾಗದಲ್ಲೂ ಮೊದಲ ಸಲ ಮೇಲೆ ಬಂದರು. 2011, 2012, 2013, ಮೂರೂ ವರ್ಷ 11 ಗೆಲುವು, 2 ಸೋಲು. ಅದಕ್ಕೂ ಮುಂಚೆ ಒಂದು ಸೀಸನ್ನಿನಲ್ಲೂ ಆ ತಂಡ 11 ಗೆದ್ದಿರಲಿಲ್ಲ. ಅದೇ ರಾಜ್ಯದ ಕ್ಲೆಮ್ಸನ್ ಮೇಲೆ 2009ರಿಂದ ಸತತ ಐದು ಗೆಲುವು. ಒಟ್ಟು 86 ಗೆಲುವು.

ಫ್ಲೋರಿಡಾದಲ್ಲಿ ಆಟಗಾರರಿಗೆ ಬರವಿರಲಿಲ್ಲ, ಆ ರಾಜ್ಯದಲ್ಲೇ ಪ್ರತಿಭೆ ತುಂಬಿದೆ. ಇಲ್ಲಿ ಹಾಗಲ್ಲ. ಅದಕ್ಕೇ ನನ್ನ ಲೆಕ್ಕದಲ್ಲಿ ಈ ಮೂರು ವರ್ಷ ಫ್ಲೋರಿಡಾದ ಪಟ್ಟಗಳ ಪಕ್ಕದಲ್ಲಿ ನಿಲ್ಲುವಂಥವು. ಎರಡೂ ವಿಶ್ವವಿದ್ಯಾಲಯಗಳಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದ ಕೋಚ್ ಅವರೇ.

ಆಟದ ಆಚೆಗೆ ಯಾವುದಾದ್ರೂ ನಿಲುವು ತಗೊಂಡಿದ್ರಾ?

ಎರಡು ನೆನಪಿಗೆ ಬರುತ್ತವೆ. ಸೌತ್ ಕ್ಯಾರೊಲೈನಾ ಶಾಸನಸಭೆಯ ಆವರಣದಲ್ಲಿ ಕಾನ್ಫೆಡರೇಟ್ ಧ್ವಜ ಹಾರುತ್ತಿತ್ತು, ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧಕ್ಕಿಳಿದ ರಾಜ್ಯಗಳ ಧ್ವಜ. ಅದು ಅಲ್ಲಿರಬಾರದು ಅಂತ 2007ರಲ್ಲೇ ಅವರು ಬಹಿರಂಗವಾಗಿ ಹೇಳಿದರು. ತಂಡದ ಅಭಿಮಾನಿಗಳಲ್ಲೇ ಅನೇಕರಿಗೆ ಇಷ್ಟವಾಗದ ಮಾತು ಅದು. ಧ್ವಜ ಇಳಿದದ್ದು 2015ರ ಜುಲೈನಲ್ಲಿ.

ಇನ್ನೊಂದು ಹಣದ ವಿಷಯ. ಆಟದಿಂದ ಕೋಟಿಗಟ್ಟಲೆ ಬರುತ್ತಿತ್ತು, ಆಡುವ ಹುಡುಗರಿಗೆ ಆಗ ಸಂಬಳವಿರಲಿಲ್ಲ. 2011ರಲ್ಲಿ ಕೋಚ್‌ಗಳ ಸಭೆಯಲ್ಲಿ ಅವರು ಒಂದು ಪ್ರಸ್ತಾಪ ಇಟ್ಟರು. 70 ಆಟಗಾರರಿಗೆ ಪ್ರತಿ ಪಂದ್ಯಕ್ಕೆ 300 ಡಾಲರ್, ಕೊಡುವುದು ಕೋಚ್‌ಗಳು, ತಮ್ಮ ಜೇಬಿನಿಂದ. ಇನ್ನೂ ಕೆಲವು ಕೋಚ್‌ಗಳು ಸಹಿ ಹಾಕಿದರು. ನಿಯಮ ಒಪ್ಪಲಿಲ್ಲ. ಹುಡುಗರು ತಮ್ಮ ಹೆಸರಿನಿಂದ ಹಣ ಗಳಿಸಬಹುದು ಅಂತ ಆಗಿದ್ದು ಹತ್ತು ವರ್ಷದ ನಂತರ, 2021ರಲ್ಲಿ.

ಸೀಸನ್ ನಡುವೆಯೇ ಬಿಟ್ಟು ಹೋಗಿದ್ದು ಸರಿನಾ?

2015ರ ಅಕ್ಟೋಬರಿನಲ್ಲಿ, ತಂಡ 2 ಗೆದ್ದು 4 ಸೋತಿದ್ದಾಗ ಅವರು ಇಳಿದರು. ಆಗ ವಯಸ್ಸು 70. ತಾನಿದ್ದರೆ ತಂಡಕ್ಕೆ ಒಳ್ಳೆಯದಾಗುವುದಿಲ್ಲ ಅನ್ನಿಸಿದ ಮೇಲೆ ಉಳಿಯುವುದು ತಪ್ಪು ಅನ್ನುವುದು ಅವರ ನಿಲುವು. ಅವರನ್ನು ಮೆಚ್ಚುವ ನನಗೂ ಇದು ಕಷ್ಟ. ಅವರನ್ನು ನಂಬಿ ಆ ಕಾಲೇಜಿಗೆ ಬಂದ ಹುಡುಗರಿಗೆ ಇನ್ನೂ ಆರು ಪಂದ್ಯ ಉಳಿದಿದ್ದವು.

ಹಾಲ್ ಆಫ್ ಫೇಮ್‌ಗೆ ಎರಡು ಸಲ ಸೇರಿದ್ದು ಹೇಗೆ?

ಆಟಗಾರನಾಗಿ 1986ರಲ್ಲಿ, ಕೋಚ್ ಆಗಿ 2017ರಲ್ಲಿ. ಕಾಲೇಜು ಫುಟ್‌ಬಾಲಿನಲ್ಲಿ ಹೀಗೆ ಎರಡೂ ಗೌರವ ಪಡೆದವರಲ್ಲಿ ಅವರು ನಾಲ್ಕನೆಯವರು. ಮುಂಚಿನ ಮೂವರು ಏಮಸ್ ಅಲೊಂಜೊ ಸ್ಟ್ಯಾಗ್, ಬಾಬಿ ಡಾಡ್, ಬೌಡನ್ ವಯಟ್. ಬಾಬಿ ಡಾಡ್ ಕೋಚ್ ಆಗಿದ್ದ ಕೊನೆಯ ಪಂದ್ಯ 1967ರ ಜನವರಿಯ ಆರೆಂಜ್ ಬೌಲ್. ಆ ದಿನ ಅವರ ಜಾರ್ಜಿಯಾ ಟೆಕ್ ತಂಡವನ್ನು 27-12ರಿಂದ ಸೋಲಿಸಿದ್ದು ಸ್ಪರಿಯರ್ ಆಡುತ್ತಿದ್ದ ಫ್ಲೋರಿಡಾ. ಸ್ಪರಿಯರ್‌ಗೂ ಅದು ಕಾಲೇಜು ಆಟಗಾರನಾಗಿ ಕೊನೆಯ ಪಂದ್ಯ.

ಸೌತ್ ಕ್ಯಾರೊಲೈನಾ ಬಿಟ್ಟ ಮೇಲೆ ಮತ್ತೆ ಕೋಚ್ ಆಗಲೇ ಇಲ್ವಾ?

ಒಮ್ಮೆ ಆದರು. 2019ರಲ್ಲಿ ಎಎಎಫ್ ಎಂಬ ಹೊಸ ಲೀಗಿನ ಒರ್ಲ್ಯಾಂಡೊ ಅಪಾಲೋಸ್ ತಂಡಕ್ಕೆ. ಎಂಟರಲ್ಲಿ ಏಳು ಗೆದ್ದು ಮೇಲಿದ್ದಾಗ ಹಣವಿಲ್ಲದೆ ಲೀಗ್ ನಿಂತುಹೋಯಿತು.

ಗೇನ್ಸ್‌ವಿಲ್‌ಗೆ ಮಗಳನ್ನ ನೋಡೋಕೆ ಹೋಗ್ತಿದ್ದೀವಿ. ಅವರ ನೆನಪಿಗೆ ಅಲ್ಲಿ ಏನು ನೋಡಬಹುದು?

ಪ್ರತಿಮೆ ಇದ್ದೇ ಇದೆ. ಮೈದಾನಕ್ಕೆ 2016ರಿಂದ ಸ್ಟೀವ್ ಸ್ಪರಿಯರ್ ಫ್ಲೋರಿಡಾ ಫೀಲ್ಡ್ ಅಂತ ಹೆಸರು. 2021ರಲ್ಲಿ ಅವರು ಊರಿನಲ್ಲಿ ಒಂದು ರೆಸ್ಟೋರೆಂಟ್ ತೆರೆದರು, ಹಳೆಯ ಟ್ರೋಫಿ, ಫೋಟೋಗಳನ್ನೆಲ್ಲ ಅಲ್ಲಿ ಇಟ್ಟಿದ್ದಾರೆ.

ಪಂದ್ಯಕ್ಕೆ ಟಿಕೆಟ್ ಸಿಕ್ಕರೆ ಫ್ಲೋರಿಡಾ ಕಡೆ 11ನೇ ನಂಬರಿನ ಅಂಗಿ ಯಾರು ಹಾಕಿದ್ದಾರೆ ಅಂತ ನೋಡಿ. ಅದು ಸ್ಪರಿಯರ್ ಅವರ ನಂಬರ್. ಅವರ ಗೌರವಕ್ಕೆ ಅಂತ ವಿಶ್ವವಿದ್ಯಾಲಯ ಅದನ್ನು ಇನ್ಯಾರಿಗೂ ಕೊಡದೆ ತೆಗೆದಿಟ್ಟಿತ್ತು. ಕೋಚ್ ಆಗಿ ವಾಪಸ್ ಬಂದಾಗ ಅವರೇ ಅದನ್ನು ಹೊರಗೆ ತೆಗೆಸಿ ಹುಡುಗರಿಗೆ ಹಾಕಿಕೊಳ್ಳಲು ಕೊಟ್ಟರು.